ಮಲೆನಾಡಿನ ಶಾಲೆ ಮತ್ತು ಇಂಗ್ಲಿಷ್ ಶಿಕ್ಷಕರ ವೃತ್ತಿ ವಿಕಸನ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಸಂದರ್ಭ

ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ೨೦೦೭-೦೮ನೆಯ ಶೈಕ್ಷಣಿಕ ವರ್ಷದಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಕ್ರಮ ಜಾರಿಗೆ ಬಂದಿತು. ಅದಕ್ಕೆ ಮೊದಲು ಇಂಗ್ಲಿಷ್ ಬೋಧನೆ ಐದನೆಯ ತರಗತಿಯಿಂದ ಆರಂಭವಾಗುತ್ತಿತ್ತು. ನಾಲ್ಕು ವರ್ಷಗಳಷ್ಟು ಹಿಂದಕ್ಕೆ ಸರಿದ ಈ ಆರಂಭಕ್ಕೆ ಪಠ್ಯಪುಸ್ತಕಗಳು ಸಿದ್ಧವಾದವು, ಶಿಕ್ಷಕರ ಕೈಪಿಡಿಗಳು ಬಂದವು, ಅಲ್ಪಾವಧಿಯ ತರಬೇತಿಗಳೂ ನಡೆದವು. ಆದರೆ ಆರು ವರ್ಷದ ಮಗುವಿಗೆ, ಅದರ ಮನೆಯಲ್ಲಿ ಯಾರೂ ಆಡದ ಭಾಷೆಯೊಂದನ್ನು ಪರಿಚಯಿಸಬೇಕಾದ ಹೊಣೆ ಬಿದ್ದುದು ಇಂಗ್ಲಿಷ್ ಬೋಧನೆಗೆಂದೇ ನೇಮಕಗೊಳ್ಳದ ತರಗತಿ ಶಿಕ್ಷಕರ ಮೇಲೆ. ಕನ್ನಡ, ಗಣಿತ, ಪರಿಸರ ಅಧ್ಯಯನಗಳನ್ನು ಕಲಿಸುತ್ತಿದ್ದ ಅದೇ ವ್ಯಕ್ತಿ ಇಂಗ್ಲಿಷ್ ಶಿಕ್ಷಕರೂ ಆಗಬೇಕಾಯಿತು. ಈ ಬದಲಾವಣೆಯ ಭಾರ ನಗರದ ಶಾಲೆಗಿಂತ ಹೆಚ್ಚಾಗಿ ತಿಳಿದುಬಂದುದು ಚದುರಿದ ವಸತಿಗಳ, ಕಡಿಮೆ ಮಕ್ಕಳ, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಮಲೆನಾಡಿನ ಶಾಲೆಗಳಲ್ಲಿ.

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಭಾಗದ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಸೇವಾನಿರತ ಇಂಗ್ಲಿಷ್ ಶಿಕ್ಷಕರ ತರಬೇತಿಯ ಸ್ವರೂಪವನ್ನೂ ಅದರ ಮಿತಿಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತರಬೇತಿಯ ದಿನಗಳು ಎಷ್ಟೆಂಬುದಕ್ಕಿಂತ, ತರಬೇತಿ ಮುಗಿಸಿ ಶಾಲೆಗೆ ಮರಳಿದ ಶಿಕ್ಷಕರಿಗೆ ತಮ್ಮ ಸಮೂಹದೊಳಗೆ ಯಾವ ಬೆಂಬಲ ದೊರೆಯುತ್ತದೆ ಎಂಬುದರ ಮೇಲೆ ಅದರ ಫಲ ನಿಂತಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರದೇಶ ಮತ್ತು ಭಾಷೆಗಳು

ಶೃಂಗೇರಿ ತುಂಗಾನದಿಯ ದಡದ ಊರು. ನರಸಿಂಹರಾಜಪುರ ಹಿಂದೆ ಎಡೇಹಳ್ಳಿ ಎಂದು ಹೆಸರಾಗಿದ್ದು, ಇಂದು ಭದ್ರಾ ಜಲಾಶಯದ ಹಿನ್ನೀರಿನ ಅಂಚಿನಲ್ಲಿದೆ. ಕೊಪ್ಪ ಇವೆರಡನ್ನೂ ಕೂಡಿಸುವ ಮಾರುಕಟ್ಟೆ ಪಟ್ಟಣ. ಅಡಿಕೆ, ಕಾಫಿ, ಕಾಳುಮೆಣಸು, ಭತ್ತ ಇಲ್ಲಿಯ ಮುಖ್ಯ ಬೆಳೆಗಳು. ಮನೆಗಳು ಬಯಲುಸೀಮೆಯ ಹಳ್ಳಿಗಳಂತೆ ಒತ್ತಾಗಿರದೆ ತೋಟ-ಗದ್ದೆಗಳ ನಡುವೆ ಒಂಟಿಯಾಗಿ ಹರಡಿಕೊಂಡಿವೆ. ಇದರ ಪರಿಣಾಮವಾಗಿ ಶಾಲೆಗಳ ಸಂಖ್ಯೆ ಹೆಚ್ಚು, ಒಂದೊಂದು ಶಾಲೆಯ ಮಕ್ಕಳ ಸಂಖ್ಯೆ ಕಡಿಮೆ. ೨೦೧೧ರ ಜನಗಣತಿಯಲ್ಲಿ ಶೃಂಗೇರಿ ತಾಲ್ಲೂಕಿನ ಒಟ್ಟು ಜನಸಂಖ್ಯೆಯೇ ನಲವತ್ತು ಸಾವಿರವನ್ನು ಮುಟ್ಟಿರಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಸುರಿಯುವ ಮಳೆಯಲ್ಲಿ ಹಳ್ಳ ತುಂಬಿ, ಕಾಲುಸಂಕ ದಾಟಲಾಗದೆ ಮಕ್ಕಳ ಹಾಜರಿ ಇಳಿಯುವುದು, ಆಡಳಿತ ರಜೆ ಘೋಷಿಸುವುದು ವಾಡಿಕೆ. ಶೈಕ್ಷಣಿಕ ವರ್ಷದ ಆರಂಭದ ತಿಂಗಳುಗಳು ಹೀಗೆ ಕಡಿದುಹೋಗುವುದರಿಂದ, ದಿನವೂ ಕಿವಿಗೆ ಬೀಳಬೇಕಾದ ಹೊಸ ಭಾಷೆಯ ಕಲಿಕೆಗೆ ಉಳಿದ ವಿಷಯಗಳಿಗಿಂತ ಹೆಚ್ಚು ತೊಡಕಾಗುತ್ತದೆ.

ಭಾಷಿಕವಾಗಿ ಈ ಪ್ರದೇಶ ಏಕರೂಪದ್ದಲ್ಲ. ಕನ್ನಡದ ಜೊತೆಗೆ ತುಳು, ಕೊಂಕಣಿ, ಉರ್ದು, ತಮಿಳು ಮನೆಮಾತಿನ ಕುಟುಂಬಗಳಿವೆ. ನರಸಿಂಹರಾಜಪುರದ ಕಡೆಗೆ ಕೇರಳದಿಂದ ಬಂದು ನೆಲೆಸಿದ ಮಲಯಾಳಂ ಭಾಷಿಕರಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಕಾಫಿ ತೋಟಗಳ ಕೆಲಸಕ್ಕೆ ಅಸ್ಸಾಮ್ ಮೊದಲಾದ ದೂರದ ರಾಜ್ಯಗಳಿಂದ ಕುಟುಂಬಗಳು ಬರುತ್ತಿವೆ. ಇಪ್ಪತ್ತು ಮಕ್ಕಳಿರುವ ತರಗತಿಯಲ್ಲಿ ಮೂರು-ನಾಲ್ಕು ಮನೆಮಾತುಗಳಿರುವುದು ಅಪರೂಪವಲ್ಲ. ಅಂಥ ಮಕ್ಕಳಲ್ಲಿ ಕೆಲವರಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು.

ಭಾಷೆಗಳ ಸಂಬಂಧವನ್ನು ಕುರಿತ ಚಿಂತನೆಗೆ ಈ ನೆಲ ಹೊಸತಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರ ಡಿಸೆಂಬರ್ ೨೯ರಂದು ಜನಿಸಿದ ಕುವೆಂಪು ಮೊದಲು ಕವಿತೆ ಬರೆದುದು ಇಂಗ್ಲಿಷಿನಲ್ಲಿ. ಅವರ ಇಂಗ್ಲಿಷ್ ಕವನಗಳ ಸಂಕಲನ ‘ಬಿಗಿನರ್ಸ್ ಮ್ಯೂಸ್’ ೧೯೨೨ರಲ್ಲಿ ಪ್ರಕಟವಾಯಿತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಸಲಹೆಯ ನಂತರ ಅವರು ಕನ್ನಡಕ್ಕೆ ಹೊರಳಿದುದು ಸುಪರಿಚಿತ ಸಂಗತಿ. ಶಿಕ್ಷಣ ಮಾಧ್ಯಮವಾಗಿ ಕನ್ನಡವನ್ನು ಜೀವನವಿಡೀ ಪ್ರತಿಪಾದಿಸಿದ ಆ ಕವಿ ಇಂಗ್ಲಿಷ್ ಸಾಹಿತ್ಯದ ಗಾಢ ಓದುಗರೂ ಆಗಿದ್ದರು. ಕನ್ನಡದಲ್ಲಿ ಬೇರೂರಿಯೂ ಇಂಗ್ಲಿಷನ್ನು ಚೆನ್ನಾಗಿ ಕಲಿಯಬಹುದೆಂಬುದಕ್ಕೆ ಈ ತಾಲ್ಲೂಕುಗಳ ಶಿಕ್ಷಕರು ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ತರಬೇತಿಯ ಹಿನ್ನೆಲೆ

ಸ್ವಾತಂತ್ರ್ಯಾನಂತರ ಇಂಗ್ಲಿಷ್ ಶಿಕ್ಷಕರ ತರಬೇತಿಗೆ ಸಾಂಸ್ಥಿಕ ರೂಪ ದೊರೆತುದು ೧೯೫೮ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾದಾಗ. ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರಿಗಾಗಿ ೧೯೬೩ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಮುಂದೆ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಎಂದು ಹೆಸರಾದ ಇದು ಜ್ಞಾನಭಾರತಿ ಆವರಣದಿಂದ ಕಾರ್ಯನಿರ್ವಹಿಸುತ್ತ, ಶಿಕ್ಷಕರಿಗೆ ಮೂವತ್ತು ದಿನಗಳ ವಸತಿಸಹಿತ ಪ್ರಮಾಣಪತ್ರ ತರಬೇತಿಯನ್ನು ನಡೆಸಿಕೊಂಡು ಬಂದಿದೆ. ತಿಂಗಳ ಕಾಲ ಇಂಗ್ಲಿಷಿನ ವಾತಾವರಣದಲ್ಲಿ ಇದ್ದು ಬರುವ ಈ ಅವಕಾಶವನ್ನು ಶಿಕ್ಷಕರು ಬಹುವಾಗಿ ಮೆಚ್ಚುತ್ತಾರೆ. ಆದರೆ ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ತಿಂಗಳ ಕಾಲ ಹೊರಗುಳಿದರೆ ಉಳಿದ ಒಬ್ಬರು ಎಲ್ಲ ತರಗತಿಗಳನ್ನೂ ನೋಡಿಕೊಳ್ಳಬೇಕು. ಸಣ್ಣ ಶಾಲೆಯ ಶಿಕ್ಷಕರಿಗೆ ದೀರ್ಘ ತರಬೇತಿ ಕೈಗೆ ಎಟುಕದಿರುವುದಕ್ಕೆ ಇದೇ ಮುಖ್ಯ ಕಾರಣ.

ಹೆಚ್ಚು ಸಂಖ್ಯೆಯ ಶಿಕ್ಷಕರನ್ನು ಕಡಿಮೆ ಕಾಲದಲ್ಲಿ ತಲುಪಬೇಕೆಂಬ ಒತ್ತಡದಿಂದ ಹುಟ್ಟಿದುದು ಶ್ರೇಣಿ ತರಬೇತಿ. ನೆರೆಯ ಮದ್ರಾಸ್ ರಾಜ್ಯದಲ್ಲಿ ೧೯೫೦ರ ದಶಕದ ಕೊನೆಯಲ್ಲಿ ಆರಂಭವಾದ ಇಂಗ್ಲಿಷ್ ಬೋಧನಾ ಆಂದೋಲನ ಇದರ ಪ್ರಸಿದ್ಧ ಉದಾಹರಣೆ. ಕೆಲವರಿಗೆ ತರಬೇತಿ ಕೊಟ್ಟು, ಅವರು ಇನ್ನಷ್ಟು ಜನರಿಗೆ, ಆ ಜನ ಮತ್ತಷ್ಟು ಜನರಿಗೆ ಕಲಿಸುವ ಮೂಲಕ ೨೭,೦೦೦ ಶಿಕ್ಷಕರನ್ನು ತಲುಪುವ ಗುರಿ ಅದಕ್ಕಿತ್ತು. ಉರುಳುತ್ತ ದೊಡ್ಡದಾಗುವ ಹಿಮದ ಉಂಡೆಯ ಹೆಸರಿನಿಂದ ಅದು ಬೋಧನಾಶಾಸ್ತ್ರದ ಚರಿತ್ರೆಯಲ್ಲಿ ದಾಖಲಾಗಿದೆ. ಇಂದಿನ ರಾಜ್ಯ, ಜಿಲ್ಲೆ, ತಾಲ್ಲೂಕು, ಸಮೂಹ ಎಂಬ ತರಬೇತಿಯ ಮೆಟ್ಟಿಲುಗಳು ಇದೇ ಕಲ್ಪನೆಯ ಮುಂದುವರಿಕೆ.

೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಬಂದವು. ೨೦೦೧ರಲ್ಲಿ ಆರಂಭವಾದ ಸರ್ವ ಶಿಕ್ಷಣ ಅಭಿಯಾನ ತಾಲ್ಲೂಕು ಮಟ್ಟದ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿಗೂ ಅವುಗಳ ಕೆಳಗಿನ ಸಮೂಹ ಸಂಪನ್ಮೂಲ ಕೇಂದ್ರಗಳಿಗೂ ಬಲ ಕೊಟ್ಟಿತು. ಶೃಂಗೇರಿಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು ೯೦ ಕಿಲೋಮೀಟರ್ ಘಟ್ಟದ ತಿರುವುಗಳ ದಾರಿ. ಒಳಹಳ್ಳಿಯ ಶಿಕ್ಷಕರು ಅಲ್ಲಿಗೆ ಹೋಗಿ ಅದೇ ದಿನ ಮರಳುವುದು ಕಷ್ಟಸಾಧ್ಯ. ಈ ಭಾಗದ ಸಂಚಾರವನ್ನು ಬಹುಕಾಲ ಹೊತ್ತಿದ್ದುದು ೧೯೯೧ರಲ್ಲಿ ನೌಕರರೇ ಕೂಡಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ. ಅದರ ಬಸ್ಸುಗಳ ಓಡಾಟ ೨೦೨೦ರಲ್ಲಿ ನಿಂತಿತು. ತರಬೇತಿಯ ಸ್ಥಳ ಶಾಲೆಗೆ ಹತ್ತಿರವಿರಬೇಕೆಂಬುದು ಇಂಥ ಪ್ರದೇಶದಲ್ಲಿ ಅನುಕೂಲದ ಮಾತಷ್ಟೇ ಆಗಿರದೆ ತರಬೇತಿ ನಡೆಯಲು ಇರುವ ಮೊದಲ ಷರತ್ತೂ ಆಗಿದೆ.

ಬೆಂಗಳೂರಿನ ಪ್ರಯೋಗ ಮತ್ತು ಅದರ ಪಾಠ

ಶಿಕ್ಷಕರ ತರಬೇತಿಯನ್ನು ಕುರಿತು ಕರ್ನಾಟಕದ ನೆಲದಲ್ಲೇ ನಡೆದ ಒಂದು ಪ್ರಯೋಗ ಜಾಗತಿಕ ಮಹತ್ವವನ್ನು ಪಡೆದಿದೆ. ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ ೧೯೭೯ರಿಂದ ೧೯೮೪ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಸಂವಹನಾತ್ಮಕ ಬೋಧನಾ ಯೋಜನೆ ಅದು. ವಾಕ್ಯರಚನೆಗಳನ್ನು ಒಂದೊಂದಾಗಿ ಕಲಿಸಿ ಬಾಯಿಪಾಠ ಮಾಡಿಸುವ ಬದಲು, ವೇಳಾಪಟ್ಟಿಯನ್ನು ಓದಿ ಪ್ರಯಾಣವನ್ನು ಯೋಜಿಸುವುದು, ನಕಾಶೆಯಲ್ಲಿ ದಾರಿ ಹುಡುಕುವುದು ಮೊದಲಾದ ಬೌದ್ಧಿಕ ಕೆಲಸಗಳನ್ನು ಇಂಗ್ಲಿಷಿನಲ್ಲಿ ಮಾಡಿಸಬೇಕು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದು ಇದರ ತಾತ್ತ್ವಿಕ ನೆಲೆ. ಇದರ ವಿವರಗಳನ್ನು ಪ್ರಭು ಅವರು ೧೯೮೭ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಕಾರ್ಯಾಧಾರಿತ ಭಾಷಾಬೋಧನೆ ಎಂದು ಜಗತ್ತಿನಾದ್ಯಂತ ಚರ್ಚೆಯಾದ ಪದ್ಧತಿಯ ಮೊದಲ ಮುಖ್ಯ ಪ್ರಯೋಗಗಳಲ್ಲಿ ಇದನ್ನು ಪರಿಗಣಿಸಲಾಗುತ್ತದೆ.

ಶಿಕ್ಷಕರ ತರಬೇತಿಯ ದೃಷ್ಟಿಯಿಂದ ಹೆಚ್ಚು ಗಮನಾರ್ಹವಾದುದು ಈ ಯೋಜನೆಯ ಅನುಷ್ಠಾನವನ್ನು ಕುರಿತು ಅಲನ್ ಬೆರೆಟ್ಟಾ ೧೯೯೦ರಲ್ಲಿ ಪ್ರಕಟಿಸಿದ ಅಧ್ಯಯನ. ಯೋಜನೆಯನ್ನು ರೂಪಿಸುವುದರಲ್ಲಿ ಪಾಲ್ಗೊಂಡಿದ್ದ ತಜ್ಞ ಶಿಕ್ಷಕರು ಪದ್ಧತಿಯ ತಿರುಳನ್ನು ಹಿಡಿದು ಅದನ್ನು ತಮ್ಮದಾಗಿಸಿಕೊಂಡಿದ್ದರು. ಅದೇ ಶಾಲೆಗಳ ಸಾಮಾನ್ಯ ಶಿಕ್ಷಕರಲ್ಲಿ ಅನೇಕರು ಅದರ ಹೊರರೂಪವನ್ನಷ್ಟೇ ಅನುಸರಿಸುವ ಹಂತದಲ್ಲಿ ಉಳಿದಿದ್ದರು ಎಂಬುದು ಅದರಿಂದ ತಿಳಿದುಬರುತ್ತದೆ. ತರಗತಿಯಲ್ಲಿ ನಿರರ್ಗಳ ಇಂಗ್ಲಿಷನ್ನು ಬೇಡುವ ಪದ್ಧತಿ, ಆ ಆತ್ಮವಿಶ್ವಾಸ ಇಲ್ಲದವರ ಕೈಯಲ್ಲಿ ನಿಲ್ಲಲಿಲ್ಲ. ಪ್ರಭು ಅವರೇ ೧೯೯೦ರ ಒಂದು ಪ್ರಬಂಧದಲ್ಲಿ ಎಲ್ಲರಿಗೂ ಹೊಂದುವ ಅತ್ಯುತ್ತಮ ಪದ್ಧತಿ ಎಂಬುದಿಲ್ಲವೆಂದೂ, ಕಲಿಕೆ ಹೇಗೆ ಆಗುತ್ತದೆ ಎಂಬುದರ ಬಗ್ಗೆ ಶಿಕ್ಷಕರೊಳಗೆ ಇರುವ ಜೀವಂತ ತಿಳಿವಳಿಕೆಯೇ ಮುಖ್ಯವೆಂದೂ ವಾದಿಸಿದರು. ಪದ್ಧತಿಯನ್ನು ಮೇಲಿನಿಂದ ಕೆಳಕ್ಕೆ ಹಸ್ತಾಂತರಿಸಬಹುದು, ತಿಳಿವಳಿಕೆಯನ್ನು ಹಾಗೆ ಹಸ್ತಾಂತರಿಸಲಾಗದು. ಅದು ಶಿಕ್ಷಕರು ತಮ್ಮ ತರಗತಿಯನ್ನು ತಾವೇ ನೋಡಿಕೊಂಡು, ಸಹೋದ್ಯೋಗಿಗಳೊಡನೆ ಚರ್ಚಿಸಿ ಬೆಳೆಸಿಕೊಳ್ಳಬೇಕಾದುದು.

ಶ್ರೇಣಿ ತರಬೇತಿಯಲ್ಲಿ ಕಳೆದುಹೋಗುವುದು

ಶ್ರೇಣಿ ತರಬೇತಿಯ ತೊಡಕನ್ನು ಒಂದು ಸಾಮಾನ್ಯ ಉದಾಹರಣೆಯಿಂದ ವಿವರಿಸಬಹುದು. ಮಕ್ಕಳಿಗೆ ಚಿತ್ರಕಥೆಯೊಂದನ್ನು ಇಂಗ್ಲಿಷಿನಲ್ಲಿ ಓದಿ ಹೇಳುವ ಚಟುವಟಿಕೆಯನ್ನು ರಾಜ್ಯಮಟ್ಟದಲ್ಲಿ ಅಭ್ಯಾಸ ಮಾಡಿಸಲಾಗಿದೆ ಎಂದುಕೊಳ್ಳೋಣ. ಅಲ್ಲಿ ಸಂಪನ್ಮೂಲ ವ್ಯಕ್ತಿಗಳು ಕಥೆಯನ್ನು ಓದಿ ತೋರಿಸುತ್ತಾರೆ. ಎಲ್ಲಿ ನಿಲ್ಲಿಸಬೇಕು, ಯಾವ ಪದವನ್ನು ಅಭಿನಯದಿಂದ ಹೇಳಬೇಕು, ಮಗು ಕನ್ನಡದಲ್ಲಿ ಉತ್ತರಿಸಿದರೆ ಹೇಗೆ ಸ್ವೀಕರಿಸಬೇಕು ಎಂಬುದನ್ನು ಚರ್ಚಿಸುತ್ತಾರೆ. ಜಿಲ್ಲಾ ಮಟ್ಟಕ್ಕೆ ಬರುವಾಗ ದಿನಗಳು ಕಡಿಮೆಯಾಗಿ, ಅಭ್ಯಾಸದ ಜಾಗವನ್ನು ವಿವರಣೆ ಆಕ್ರಮಿಸುತ್ತದೆ. ತಾಲ್ಲೂಕು ಮಟ್ಟದಲ್ಲಿ ವಿವರಣೆಯ ಜಾಗಕ್ಕೆ ಕೈಪಿಡಿಯ ವಾಚನ ಬರುತ್ತದೆ. ಕೊನೆಯಲ್ಲಿ ಶಾಲೆಯನ್ನು ತಲುಪುವುದು ಚಟುವಟಿಕೆಯ ಹೆಸರು ಮತ್ತು ಅದನ್ನು ಮಾಡಿರುವುದಾಗಿ ದಾಖಲಿಸಬೇಕಾದ ನಮೂನೆ. ಇದರಲ್ಲಿ ಯಾವೊಬ್ಬರ ಉದಾಸೀನವನ್ನೂ ದೂರಬೇಕಾಗಿಲ್ಲ. ಕೌಶಲವನ್ನು ಮಾಹಿತಿಯಾಗಿ ಪರಿವರ್ತಿಸಿ ಸಾಗಿಸುವ ವ್ಯವಸ್ಥೆಯ ಸಹಜ ಪರಿಣಾಮವಿದು.

ಎರಡನೆಯ ತೊಡಕು ತರಬೇತಿ ಕಲ್ಪಿಸಿಕೊಳ್ಳುವ ತರಗತಿಗೂ ವಾಸ್ತವದ ತರಗತಿಗೂ ಇರುವ ಅಂತರ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ ೨೦೦೯-೧೦ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಇದರಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಮಟ್ಟದಲ್ಲಿ ಕಲಿಯುತ್ತಾರೆ. ಸಣ್ಣ ಶಾಲೆಗೆ ಈ ಕ್ರಮ ಒಗ್ಗುತ್ತದೆ. ಆದರೆ ನಲವತ್ತು ಮಕ್ಕಳನ್ನು ಗುಂಪು ಮಾಡಿ ಸಂಭಾಷಣೆ ಆಡಿಸುವ ತಂತ್ರವನ್ನು ಕಲಿತು ಬಂದವರಿಗೆ, ಮೂರು ತರಗತಿಗಳಲ್ಲಿ ಹಂಚಿಹೋದ ಎಂಟು ಮಕ್ಕಳ ಮುಂದೆ ಅದು ನಿರುಪಯುಕ್ತವಾಗಿ ತೋರುತ್ತದೆ. ವಾಸ್ತವದಲ್ಲಿ ಎಂಟು ಮಕ್ಕಳ ತರಗತಿ ಭಾಷಾ ಕಲಿಕೆಗೆ ದೊರೆತ ಭಾಗ್ಯವೇ ಸರಿ. ಪ್ರತಿ ಮಗುವೂ ಪ್ರತಿ ದಿನ ಮಾತಾಡಬಹುದು, ದೊಡ್ಡ ಮಗು ಸಣ್ಣದಕ್ಕೆ ಕಥೆ ಓದಿ ಹೇಳಬಹುದು. ಸಣ್ಣ ಶಾಲೆಯ ಈ ಸಾಧ್ಯತೆಗಳನ್ನು ಕುರಿತೇ ರೂಪಿಸಿದ ತರಬೇತಿ ಮಲೆನಾಡಿಗೆ ಅಗತ್ಯವಾಗಿದೆ.

ಶಿಕ್ಷಕರಿಗೆ ಬೇಕಾದ ಭಾಷಾಜ್ಞಾನ

ಇಂಗ್ಲಿಷ್ ಶಿಕ್ಷಕರ ಸಿದ್ಧತೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಬೋಧನಾ ತಂತ್ರಗಳ ಸುತ್ತ ಸುತ್ತುತ್ತದೆ. ಶಿಕ್ಷಕರ ಸ್ವಂತ ಇಂಗ್ಲಿಷ್ ಸಾಮರ್ಥ್ಯ ಮತ್ತು ಮಕ್ಕಳ ಮನೆಮಾತಿನ ರಚನೆಯ ಅರಿವು ಹಿನ್ನೆಲೆಗೆ ಸರಿಯುತ್ತವೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ೨೦೦೫ರ ಭಾಗವಾಗಿ ಆರ್. ಅಮೃತವಲ್ಲಿ ಅವರ ಅಧ್ಯಕ್ಷತೆಯಲ್ಲಿ ಸಿದ್ಧವಾದ ಇಂಗ್ಲಿಷ್ ಬೋಧನೆಯ ನಿಲುವು ಪತ್ರ, ಶಿಕ್ಷಕರ ಭಾಷಾಸಾಮರ್ಥ್ಯ ಮತ್ತು ಮಕ್ಕಳಿಗೆ ದೊರೆಯುವ ಅರ್ಥಪೂರ್ಣ ಭಾಷಾ ಪರಿಸರ ಎರಡಕ್ಕೂ ಒತ್ತು ಕೊಟ್ಟಿದೆ. ಇಂಗ್ಲಿಷನ್ನು ಮಕ್ಕಳ ಭಾಷೆಗಳ ಜೊತೆಗೆ ಬೆಳೆಸಬೇಕೆಂಬುದು ಅದರ ಆಶಯ.

ಮನೆಮಾತಿನ ಅರಿವು ಎಂದರೇನು ಎಂಬುದನ್ನು ಸ್ಪಷ್ಟಪಡಿಸುವುದು ಅವಶ್ಯ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ಮಕ್ಕೆ ಮೊದಲು. ಕನ್ನಡದಲ್ಲಿ ‘ಮೇಜಿನ ಮೇಲೆ’ ಎಂದು ನಾಮಪದದ ನಂತರ ಬರುವ ಅಂಶ ಇಂಗ್ಲಿಷಿನಲ್ಲಿ ‘ಆನ್ ದ ಟೇಬಲ್’ ಎಂದು ಮುಂದೆ ಬರುತ್ತದೆ. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎಂಬಲ್ಲಿ ಚತುರ್ಥಿ ವಿಭಕ್ತಿ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಹ್ಯಾವ್’ ಎಂಬ ಕ್ರಿಯಾಪದ ಮಾಡುತ್ತದೆ. ಕನ್ನಡದಲ್ಲಿ ಅದಕ್ಕೆ ಸಮನಾದ ಕ್ರಿಯಾಪದವಿಲ್ಲ. ‘ಬಂದೆಯಾ?’ ಎಂದು ಕೊನೆಯ ಸ್ವರವನ್ನು ಎಳೆದರೆ ಕನ್ನಡದಲ್ಲಿ ಪ್ರಶ್ನೆಯಾಗುತ್ತದೆ. ಇಂಗ್ಲಿಷಿನಲ್ಲಿ ‘ಡಿಡ್’ ಎಂಬ ಸಹಾಯಕ ಕ್ರಿಯಾಪದವನ್ನು ವಾಕ್ಯದ ಮೊದಲಿಗೆ ತರಬೇಕು. ‘ಎ’, ‘ಆ್ಯನ್’, ‘ದ’ ಎಂಬ ಉಪಪದಗಳಿಗೆ ಕನ್ನಡದಲ್ಲಿ ನೇರ ಸಾಟಿ ಇಲ್ಲ. ಈ ವ್ಯತ್ಯಾಸಗಳನ್ನು ಅರಿತ ಶಿಕ್ಷಕರು ಮಗುವಿನ ತಪ್ಪನ್ನು ಅಜ್ಞಾನವೆಂದು ಭಾವಿಸದೆ, ಅದರ ಹಿಂದಿರುವ ಕನ್ನಡದ ನಿಯಮವನ್ನು ಗುರುತಿಸಬಲ್ಲರು.

ಈ ಮೂರು ತಾಲ್ಲೂಕುಗಳ ಬಹುಭಾಷಾ ತರಗತಿಗೆ ಸಂಬಂಧಿಸಿದಂತೆ ಇನ್ನೊಂದು ಸಂಗತಿ ಉಪಯುಕ್ತವಾದುದು. ಕನ್ನಡ, ತುಳು, ಮಲಯಾಳಂ, ತಮಿಳು, ಕೊಂಕಣಿ, ಉರ್ದು, ಅಸ್ಸಾಮಿ ಭಾಷೆಗಳು ಬೇರೆ ಬೇರೆ ಕುಟುಂಬಗಳಿಗೆ ಸೇರಿದ್ದರೂ ವಾಕ್ಯದ ಕೊನೆಗೆ ಕ್ರಿಯಾಪದವನ್ನಿಡುವುದರಲ್ಲಿ, ಸಂಬಂಧಸೂಚಕಗಳನ್ನು ನಾಮಪದದ ನಂತರ ಇಡುವುದರಲ್ಲಿ ಒಂದಾಗಿವೆ. ಆದ್ದರಿಂದ ತರಗತಿಯಲ್ಲಿ ನಾಲ್ಕು ಮನೆಮಾತುಗಳಿದ್ದರೂ ಇಂಗ್ಲಿಷಿನ ವಾಕ್ಯರಚನೆಯ ಎದುರು ಮಕ್ಕಳು ಪಡುವ ಕಷ್ಟ ಬಹುಪಾಲು ಸಮಾನ. ಒಂದೇ ಪಾಠಯೋಜನೆ ಎಲ್ಲರಿಗೂ ಸಲ್ಲುತ್ತದೆ.

ಉಚ್ಚಾರಣೆಯಲ್ಲಿಯೂ ಇಂಥ ನಿಯತ ಕ್ರಮಗಳಿವೆ. ಕನ್ನಡ ಪದಗಳು ಸಾಮಾನ್ಯವಾಗಿ ಸ್ವರಾಂತವಾದುದರಿಂದ ಇಂಗ್ಲಿಷಿನ ವ್ಯಂಜನಾಂತ ಪದಗಳು ‘ಬಸ್ಸು’, ‘ಪೆನ್ನು’, ‘ಲೈಟು’ ಎಂದಾಗುತ್ತವೆ. ಪದಾದಿಯ ‘ಎ’, ‘ಒ’ ಸ್ವರಗಳು ‘ಯೆ’, ‘ವೊ’ ಎಂದು ನುಡಿಯಲ್ಪಡುತ್ತವೆ. ಆಡುಮಾತಿನಲ್ಲಿ ‘ಕಾಫಿ’ಯೂ ‘ಕಾಪಿ’ ಆಗುವ ಈ ಸೀಮೆಯಲ್ಲಿ, ಕುಡಿಯುವ ಕಾಫಿಗೂ ಬರೆಯುವ ಕಾಪಿಗೂ ಇರುವ ಧ್ವನಿಭೇದವನ್ನು ತೋರಿಸಲು ಬೇರೆ ಉದಾಹರಣೆ ಬೇಕಿಲ್ಲ. ಅಂತೆಯೇ ಎಸ್ಟೇಟು, ರೈಟರು, ಪಲ್ಪರು, ಗೋಡೌನು, ಲೋಡು, ಬಿಲ್ಲು ಮೊದಲಾದ ಪದಗಳು ತೋಟದ ಬದುಕಿನ ನಿತ್ಯದ ಮಾತುಗಳು. ಮೊದಲ ದಿನ ಶಾಲೆಗೆ ಬರುವ ಮಗುವಿನ ಕನ್ನಡದೊಳಗೇ ಹತ್ತಾರು ಇಂಗ್ಲಿಷ್ ಪದಗಳಿರುತ್ತವೆ. ಅವುಗಳನ್ನು ಮಕ್ಕಳಿಂದಲೇ ಹೇಳಿಸಿ, ಪಟ್ಟಿ ಮಾಡಿಸಿ, ಇಂಗ್ಲಿಷಿನ ಉಚ್ಚಾರ ಮತ್ತು ಕಾಗುಣಿತದೊಡನೆ ಪರಿಚಯಿಸಿದರೆ ಹೊಸ ಭಾಷೆಯ ಅಪರಿಚಿತತೆ ಕಡಿಮೆಯಾಗುತ್ತದೆ. ಇಂಥ ಸ್ಥಳೀಯ ಸಾಮಗ್ರಿಯನ್ನು ರಾಜ್ಯಮಟ್ಟದ ಕೈಪಿಡಿ ಒದಗಿಸಲಾರದು. ಅದನ್ನು ಕಲೆಹಾಕಬಲ್ಲವರು ಆಯಾ ಸಮೂಹದ ಶಿಕ್ಷಕರು ಮಾತ್ರ.

ಸಮೂಹವೇ ನೆಲೆ

ಸಮೂಹ ಮಟ್ಟದ ಸಮಾಲೋಚನಾ ಸಭೆ ಕರ್ನಾಟಕದ ಶಾಲಾ ವ್ಯವಸ್ಥೆಯಲ್ಲಿ ಈಗಾಗಲೇ ಇರುವ ವೇದಿಕೆ. ನಡೆದು ಅಥವಾ ಬೈಕಿನಲ್ಲಿ ತಲುಪಬಹುದಾದ ಹತ್ತಿರದ ಶಾಲೆಗಳ ಶಿಕ್ಷಕರು ಇಲ್ಲಿ ಸೇರುತ್ತಾರೆ. ಇದರ ಹೆಚ್ಚಿನ ಸಮಯ ಸುತ್ತೋಲೆಗಳ ಓದು, ಅಂಕಿಅಂಶಗಳ ಸಂಗ್ರಹ, ಯೋಜನೆಗಳ ವರದಿಗಳಲ್ಲಿ ಕಳೆಯುತ್ತದೆ ಎಂಬುದು ಶಿಕ್ಷಕವಲಯದಲ್ಲಿ ವ್ಯಾಪಕವಾಗಿ ಕೇಳಿಬರುವ ಮಾತು. ಈ ಸಭೆಯ ಒಂದು ನಿಶ್ಚಿತ ಭಾಗವನ್ನು ಇಂಗ್ಲಿಷ್ ಬೋಧನೆಗೆ ಮೀಸಲಿಟ್ಟರೆ ಮೂರು ಕೆಲಸಗಳು ಸಾಧ್ಯ. ಮೊದಲನೆಯದು, ಆತಿಥೇಯ ಶಾಲೆಯ ಮಕ್ಕಳಿಗೇ ಒಬ್ಬ ಶಿಕ್ಷಕರು ಪಾಠ ಮಾಡುವುದು, ಉಳಿದವರು ಗಮನಿಸಿ ಚರ್ಚಿಸುವುದು. ಎರಡನೆಯದು, ಶಿಕ್ಷಕರು ತಮಗಾಗಿಯೇ ಇಂಗ್ಲಿಷಿನಲ್ಲಿ ಒಂದು ಕಥೆಯನ್ನೋ ಲೇಖನವನ್ನೋ ಓದಿ ಮಾತಾಡುವುದು. ಮೂರನೆಯದು, ಹಿಂದಿನ ಸಭೆಯಲ್ಲಿ ಒಪ್ಪಿದ ಚಟುವಟಿಕೆ ತಮ್ಮ ಶಾಲೆಯಲ್ಲಿ ಏನಾಯಿತು ಎಂಬುದನ್ನು ಪ್ರತಿಯೊಬ್ಬರೂ ತಿಳಿಸುವುದು. ವಿಫಲವಾದ ಪಾಠವನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವ ವಾತಾವರಣ ಇದಕ್ಕೆ ಅವಶ್ಯ. ಸಮೂಹ ಸಂಪನ್ಮೂಲ ವ್ಯಕ್ತಿ ಪರಿವೀಕ್ಷಕರಾಗಿ ಬಂದರೆ ಆ ವಾತಾವರಣ ಮೂಡದು. ಸಹಪಾಠಿಯಾಗಿ ಬಂದರೆ ಮೂಡೀತು.

ರಾಜ್ಯದಲ್ಲಿ ಈ ದಿಕ್ಕಿನ ಪ್ರಯತ್ನಗಳು ನಡೆದಿವೆ. ಪ್ರೌಢಶಾಲಾ ಶಿಕ್ಷಕರಿಗಾಗಿ ೨೦೧೧ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆ, ಶಿಕ್ಷಕರು ತಾವೇ ಸಾಮಗ್ರಿ ರಚಿಸಿ ಪರಸ್ಪರ ಹಂಚಿಕೊಳ್ಳುವ ಕ್ರಮವನ್ನು ರೂಢಿಗೆ ತಂದಿತು. ೨೦೧೭ರ ಗುರುಚೇತನ ಕಾರ್ಯಕ್ರಮ ಶಿಕ್ಷಕರು ತಮ್ಮ ಅಗತ್ಯಕ್ಕೆ ತಕ್ಕ ತರಬೇತಿಯನ್ನು ಆಯ್ದುಕೊಳ್ಳುವ ತತ್ತ್ವವನ್ನು ಮುಂದಿಟ್ಟಿತು. ರಾಷ್ಟ್ರಮಟ್ಟದಲ್ಲಿ ೨೦೧೯ರ ನಿಷ್ಠಾ ಕಾರ್ಯಕ್ರಮವೂ ವರ್ಷಕ್ಕೆ ಕನಿಷ್ಠ ೫೦ ಗಂಟೆಗಳ ವೃತ್ತಿ ವಿಕಸನವನ್ನು ಅಪೇಕ್ಷಿಸುವ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬಂದವು. ಕೋವಿಡ್ ಕಾಲದಲ್ಲಿ ತರಬೇತಿ ಬಹುಪಾಲು ಅಂತರ್ಜಾಲಕ್ಕೆ ಸರಿಯಿತು. ಮೊಬೈಲ್ ಸಂಕೇತ ದೊರೆಯದ ಕಣಿವೆಗಳಲ್ಲಿ ಈ ವ್ಯವಸ್ಥೆಯ ಮಿತಿ ಬೇಗನೆ ಗೋಚರಿಸುತ್ತದೆ. ಪರದೆಯ ಮೇಲಿನ ಪಾಠ ಮಾಹಿತಿಯನ್ನು ಕೊಡಬಲ್ಲದು. ಅದನ್ನು ತರಗತಿಗೆ ಒಗ್ಗಿಸುವ ಚರ್ಚೆ ಮಾತ್ರ ಮುಖಾಮುಖಿಯಾಗಿಯೇ ನಡೆಯಬೇಕು.

ಉಪಸಂಹಾರ

ಈ ಪ್ರಶ್ನೆ ಬೋಧನಾಶಾಸ್ತ್ರದ ಗಡಿಯನ್ನು ಮೀರಿದುದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ೨೦೧೪ರ ಮೇ ೬ರಂದು ತೀರ್ಪು ನೀಡಿತು. ೨೦೧೯-೨೦ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು. ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಯ ವಾಹನ ತೋಟದ ಗೇಟಿನವರೆಗೆ ಬರುವಾಗ, ಊರಿನ ಕನ್ನಡ ಶಾಲೆಯ ಬಗ್ಗೆ ಪೋಷಕರು ಕೇಳುವ ಪ್ರಶ್ನೆ ಒಂದೇ: ಅಲ್ಲಿ ಇಂಗ್ಲಿಷ್ ಬರುತ್ತದೆಯೇ? ಈ ಪ್ರಶ್ನೆಗೆ ತೃಪ್ತಿಕರ ಉತ್ತರ ದೊರೆಯದಿದ್ದಾಗ ಮಗು ಶಾಲೆ ಬಿಡುತ್ತದೆ. ಐದಾರು ಮಕ್ಕಳು ಹಾಗೆ ಹೋದರೆ ಸಣ್ಣ ಶಾಲೆಯ ಅಸ್ತಿತ್ವವೇ ಅಲುಗುತ್ತದೆ. ಶಾಲೆ ಮುಚ್ಚಿದರೆ ತೊಂದರೆಗೆ ಒಳಗಾಗುವವರು ವಾಹನದ ಶುಲ್ಕ ಕೊಡಲಾಗದ ಕೂಲಿಕಾರರ ಮಕ್ಕಳು. ಹೀಗೆ ನೋಡಿದಾಗ, ಕನ್ನಡ ಶಾಲೆಯ ಉಳಿವೂ ಅಲ್ಲಿಯ ಶಿಕ್ಷಕರ ಇಂಗ್ಲಿಷ್ ಬೋಧನೆಯ ಗುಣಮಟ್ಟವೂ ಪರಸ್ಪರ ಹೆಣೆದುಕೊಂಡಿವೆ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಬಲ್ಲ ಕನ್ನಡ ಶಾಲೆ, ಮಾಧ್ಯಮ ಬದಲಾವಣೆಯ ಒತ್ತಡವನ್ನು ತಡೆದುಕೊಳ್ಳಬಲ್ಲದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂಥ ತಾಲ್ಲೂಕುಗಳಿಗೆ ಬೇಕಾಗಿರುವುದು ಮಳೆಗಾಲದ ನಂತರದ ತಿಂಗಳುಗಳಿಗೆ ಹೊಂದಿಸಿದ, ಸಮೂಹವನ್ನು ಕೇಂದ್ರವಾಗಿಟ್ಟ, ಬಹುತರಗತಿ ಬೋಧನೆಯನ್ನು ಆಧಾರವಾಗಿ ಸ್ವೀಕರಿಸಿದ ವೃತ್ತಿ ವಿಕಸನ ಯೋಜನೆ. ದೀರ್ಘಾವಧಿಯ ವಸತಿ ತರಬೇತಿಗೆ ತೆರಳುವ ಶಿಕ್ಷಕರ ಸ್ಥಾನಕ್ಕೆ ತಾತ್ಕಾಲಿಕ ಶಿಕ್ಷಕರನ್ನು ಒದಗಿಸುವುದು, ತರಬೇತಿ ಪಡೆದು ಮರಳಿದವರನ್ನು ಅವರ ಸಮೂಹದ ಭಾಷಾ ಸಹಾಯಕರೆಂದು ಗುರುತಿಸಿ ಅದಕ್ಕೆ ಸ್ವಲ್ಪ ಕಾಲಾವಕಾಶ ಕೊಡುವುದು, ಸ್ಥಳೀಯ ಪದಸಂಪತ್ತನ್ನು ಬಳಸಿದ ಓದುಸಾಮಗ್ರಿಯನ್ನು ಶಿಕ್ಷಕರಿಂದಲೇ ಸಿದ್ಧಪಡಿಸುವುದು ಅದರ ಮೊದಲ ಹೆಜ್ಜೆಗಳಾಗಬಹುದು. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಸ್ಥೆಯ ಅಗತ್ಯವಿಲ್ಲ. ಇರುವ ಸಭೆಯ ಕಾರ್ಯಸೂಚಿ ಬದಲಾದರೆ ಸಾಕು.